ಶೈಲಶ್ರೀ ಹಾಕದ ಯೂನಿಫಾರ್ಮ್

ಹಿರಿಯಡ್ಕ ಪೇಟೆಯಲ್ಲಿ ಬಟ್ಟೆ ಹೊಲಿಯುವ ವೆರೊನಿಕಾ ಬಾಯಿ ಅಳತೆ ತೆಗೆಯುವಾಗ ಮಾತಾಡುವುದಿಲ್ಲ. ತುಟಿಯ ನಡುವೆ ಗುಂಡುಸೂಜಿ ಇರುತ್ತದಲ್ಲ, ಬರೀ "ಹ್ಞೂಂ" ಅನ್ನುವುದು. ಆ ಒಂದು ಹ್ಞೂಂನಿಂದಲೇ ಊರಿನ ಅರ್ಧ ಸಮಾಚಾರ ಅವರ ಕಿವಿಗೆ ಬೀಳುತ್ತದೆ.

ಅಲ್ಲಿನ ಶಾಲೆಯೊಂದರಲ್ಲಿ ಯೂನಿಫಾರ್ಮನ್ನು ಮನೆಯವರೇ ಹೊಲಿಸಬೇಕು. ಹೊಲಿಸಲಾಗದ ಮನೆಯ ನಾಲ್ಕೈದು ಮಕ್ಕಳಿಗೆ ಬಾಯಿ ಪ್ರತಿ ಮೇ ತಿಂಗಳಲ್ಲಿ ಪುಕ್ಕಟೆ ಹೊಲಿದುಕೊಡುತ್ತಾರೆ. ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಚಿ ಬಿಡುತ್ತಾರೆ. ಮಗು ಬೆಳೆದಂತೆ ಬಿಚ್ಚಿಕೊಂಡರಾಯಿತು. ಈ ವರ್ಷ ಒಂದು ಜೊತೆ, ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಯಮನವ್ವನ ಮಗಳು ಶೈಲಶ್ರೀಗೆ ಹೋಗಿತ್ತು.

ಜೂನ್ ಕೊನೆಗೆ ಕುಶಲಾ ಟೀಚರ್ ರವಿಕೆಯ ಅಳತೆ ಕೊಡಲು ಬಂದರು. "ನಿಮ್ಮ ಶೈಲಶ್ರೀ ಎರಡು ವಾರದಿಂದ ಇಲ್ಲ ಬಾಯಿ. ಯೂನಿಫಾರ್ಮ್ ಎಲ್ಲಿ ಅಂತ ಕೇಳಿದೆ, ತಲೆ ತಗ್ಗಿಸಿ ನಿಂತಳು. ಮರುದಿನದಿಂದ ಬರಲೇ ಇಲ್ಲ. ಕಳೆದ ವರ್ಷ ಹೀಗೇ ತಪ್ಪಿಸಿದ ಇಬ್ಬರು ಈಗ ಜಲ್ಲಿ ಹೊರುತ್ತಾ ಇದ್ದಾರೆ."

ಬಾಯಿ ಸೂಜಿಗಳನ್ನು ಅಂಗೈಗೆ ಉಗುಳಿದರು. "ಹಾಕಲೇ ಇಲ್ವಾ? ಎಂತಕ್ಕೆ?"

ಸೊಂಟ ಬಿಗಿಯಾಯಿತೋ? ತೋಳು ಉದ್ದವಾಯಿತೋ? ಮಾರಿಬಿಟ್ಟರೋ? ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡ ಬಾಯಿ ಮನೆಗೆ ಹೋಗದೆ ನೇರ ಯಮನವ್ವನ ತಗಡಿನ ಶೆಡ್ಡಿಗೆ ನಡೆದರು.

ಯಮನವ್ವ ಟ್ರಂಕು ತೆಗೆದು ತೋರಿಸಿದಳು. ಯೂನಿಫಾರ್ಮಿನ ಮಡಿಕೆ ಕೊಟ್ಟ ಹಾಗೇ ಉಂಟು, ಮೇಲೊಂದು ಸಾಬೂನಿನ ತುಂಡು.

"ನೀನು ಮಾರಿದ್ದಿ ಅಂತ ಗ್ರಹಿಸಿದೆ ಮಾರಾಯ್ತಿ."

"ಅಯ್ಯ, ಮಾರೂದಂದ್ರೇನ್ರಿ ಬಾಯಾರ! ನಾಗರ ಪಂಚಮಿಗೆ ಇಟ್ಟೀನ್ರಿ. ಊರಿಗೆ ಹೊಂಟೀವಿ. ನಮ್ ಕಡೆ ಪಂಚಮಿ ಅಂದ್ರ ಹೆಣ್ಣಮಕ್ಕಳ ಹಬ್ಬ, ಹೊಸಾ ಅರಿವಿ ಹಾಕ್ಕೊಂಡು ಜೋಕಾಲಿ ಆಡ್ತಾವ. ಈ ವರ್ಷ ನಮ್ಮನ್ಯಾಗ ಬಂದ ಹೊಸಾ ಅರಿವಿ ಇದೊಂದ. ಸಾಲಿಗೆ ಹಾಕಿ ಕೊಳಿ ಮಾಡಿದ್ರ ಹಬ್ಬಕ್ಕ ಏನ್ ಹಾಕ್ಲಿ?"

"ಜೋಕಾಲಿಗೆ ಯೂನಿಫಾರ್ಮಾ!"

"ಹೊಸಾದು ಹೊಸಾದ ಅಲ್ಲೇನ್ರಿ?"

ಬಾಯಿಗೆ ನಗು ಬಂತು, ನಗಲಿಲ್ಲ. ಇಲ್ಲಿಯವರು ಆ ದಿನ ನಾಗನಿಗೆ ಹಾಲು ಎರೆಯುವುದನ್ನು ಅವರು ಕಂಡಿದ್ದರೇ ಹೊರತು ಹೊಸ ಬಟ್ಟೆಯ ಸಂಗತಿ ಗೊತ್ತಿರಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಜೋಕಾಲಿ ಯಾವ ಮರಕ್ಕೆ ಕಟ್ಟುತ್ತೀರಿ? ಎಷ್ಟು ಎತ್ತರ ಹೋಗುತ್ತದೆ? ಬಿದ್ದವರು ಉಂಟಾ? ಯಮನವ್ವ ಕೈಬೀಸಿ ಹೇಳಿದ್ದೇ ಹೇಳಿದ್ದು.

"ಎಂತ ಬಣ್ಣ ಹಾಕುವುದು?"

"ಕೆಂಪು," ಎಂದಿತು ಬಾಗಿಲ ಹಿಂದಿನಿಂದ ಶೈಲಶ್ರೀಯ ದನಿ. "ನೆರಿಗಿ ಇರಬೇಕು. ತಿರಗಿದ್ರ ಛತ್ರಿಯಂಗ ಅರಳಬೇಕು."

"ಛತ್ರಿಯಾ? ಹಾಗಾದರೆ ಮೂರು ಮೀಟರ್ ಬೇಕಲ್ಲ," ಅನ್ನುತ್ತಾ ಬಾಯಿ ಬ್ಯಾಗಿನಿಂದ ಟೇಪು ಎಳೆದರು.

ಕ್ರಿಸ್ಮಸಿಗೆ ತನಗೆಂದು ತೆಗೆದಿಟ್ಟಿದ್ದ ಕೆಂಪು ಬಟ್ಟೆ ಅಂಗಡಿಯಲ್ಲಿತ್ತು. ಎರಡೇ ದಿನದಲ್ಲಿ ಫ್ರಾಕು ಆಯಿತು. ಯಮನವ್ವ ಅದನ್ನು ಒಳಹೊರಗು ಮಾಡಿ ನೋಡಿದಳು, ಮೂಸಿದಳು, ಟ್ರಂಕಿನಲ್ಲಿಟ್ಟಳು. ನೀಲಿ ಯೂನಿಫಾರ್ಮ್ ಹೊರಬಂತು.

ವಾರದ ಮೇಲೆ ಕುಶಲಾ ಟೀಚರ್ ರವಿಕೆ ಒಯ್ಯಲು ಬಂದರು. "ದಿನಾ ಬರುತ್ತಾಳೆ ಬಾಯಿ, ಮೊದಲ ಬೆಂಚಿನಲ್ಲೇ. ಎಂತ ಮಾಡಿದಿರಿ? ಇನ್ನೊಂದು ಯೂನಿಫಾರ್ಮ್ ಹೊಲಿದಿರಾ?"

"ಇಲ್ಲಪ್ಪ," ಎಂದರು ಬಾಯಿ, "ಜೋಕಾಲಿ ಆಡುವ ಫ್ರಾಕು ಹೊಲಿದೆ."