ಶೇಖಪ್ಪ ಮಿಸ್ತ್ರಿಯ ಟಾರ್ಕ್ ಪಾನಾ

ಶೇಖಪ್ಪ ಮಿಸ್ತ್ರಿಯವರ ಮೊಮ್ಮಗಳನ್ನು ಓಣಿಯಲ್ಲಿ ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ನಟ್ಟನ್ನು ಅಳತೆಗೆ ಸರಿಯಾಗಿ ಬಿಗಿ ಮಾಡುವ ಅವರ ಟಾರ್ಕ್ ಪಾನಾವನ್ನು ಮಾತ್ರ ಯಾರೂ ಮುಟ್ಟುವ ಹಾಗಿರಲಿಲ್ಲ. ಒಂದೂವರೆ ಅಡಿ ಉದ್ದದ ಆ ಸಾಮಾನು ಹಳೆಯ ಧೋತರದ ಮೆತ್ತನೆಯ ತುಂಡು ಸುತ್ತಿಕೊಂಡು, ಅದರದೇ ಡಬ್ಬಿಯಲ್ಲಿ, ಕಪಾಟಿನೊಳಗೆ ಸುಖವಾಗಿ ಮಲಗಿರುತ್ತಿತ್ತು. ಮಿಸ್ತ್ರಿ ಮಧ್ಯಾಹ್ನ ಹರಕು ಗೋಣಿಚೀಲದ ಮೇಲೆ ಮಲಗುತ್ತಿದ್ದರು.

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯಲ್ಲಿ ಅವರ ಗ್ಯಾರೇಜು, ಪಕ್ಕದಲ್ಲೇ ನನ್ನ ಬೀಜ ಗೊಬ್ಬರದ ಅಂಗಡಿ. ಗಿರಾಕಿ ಇಲ್ಲದಾಗ ಅವರಲ್ಲಿ ಹೋಗಿ ಕೂತು, ಯಾರೂ ಕೇಳದ ಸಲಹೆಗಳನ್ನು ಕೊಡುವುದು ನಾನು ಮಾಡುತ್ತಿದ್ದ ಸಮಾಜಸೇವೆ. ನಮ್ಮ ಕಡೆ ಗಾಲಿಯ ನಟ್ ಬಿಗಿ ಮಾಡುವ ಶಾಸ್ತ್ರವೇ ಬೇರೆ. ಪಾನಾದ ಮೇಲೆ ಹತ್ತಿ ನಿಂತು ಎರಡು ಸಲ ಜಿಗಿಯಬೇಕು. ತೂಕ ಸಾಲದಿದ್ದರೆ ಮನೆಯಲ್ಲಿ ದಪ್ಪಗಿದ್ದವರನ್ನು ಕರೆಯಬೇಕು. ಮಿಸ್ತ್ರಿಗೆ ಈ ಶಾಸ್ತ್ರ ಒಪ್ಪಿಗೆಯಿರಲಿಲ್ಲ. ಸಡಿಲಾದರೆ ಗಾಲಿ ಕಳಚುತ್ತದೆ, ಅತಿ ಬಿಗಿಯಾದರೆ ಬೋಲ್ಟಿನ ಥ್ರೆಡ್ ಸಾಯುತ್ತದೆ, ಎಲ್ಲಕ್ಕೂ ಒಂದು ಅಳತೆ ಇದೆ ಎನ್ನುತ್ತಿದ್ದರು. ಹಿಡಿಕೆ ತಿರುವಿ ಆ ಅಳತೆಯ ಗೆರೆಗೆ ಇಟ್ಟರೆ, ಬಿಗಿ ಅಷ್ಟು ಮುಟ್ಟಿದಾಗ ಟಾರ್ಕ್ ಪಾನಾ 'ಟಕ್' ಎನ್ನುತ್ತಿತ್ತು. ಅಲ್ಲಿಗೆ ಮಿಸ್ತ್ರಿಯ ಕೈ ನಿಲ್ಲುತ್ತಿತ್ತು.

ಅದನ್ನು ಕೊಳ್ಳಲು ಹುಬ್ಬಳ್ಳಿಗೆ ಹೋದಾಗ ನಾನೂ ಜೊತೆಗಿದ್ದೆ. ಹೆಣ್ಣು ನೋಡಲು ಹೋದವರೂ ಅಷ್ಟು ಪ್ರಶ್ನೆ ಕೇಳಲಿಕ್ಕಿಲ್ಲ. ಪರೀಕ್ಷೆ ಮಾಡಿದ ಕಾಗದ ಎಲ್ಲಿದೆ, ಹಿಡಿಕೆ ಜಾರುತ್ತದೆಯೇ, ಗೆರೆಗಳು ಚಾಳೀಸು ಇಲ್ಲದೆ ಕಾಣುತ್ತವೆಯೇ ಎಂದು ಅರ್ಧ ದಿನ ಕಳೆದರು. ನಾನು ಬೇಸತ್ತು, ಎಲ್ಲಕ್ಕಿಂತ ಹೆಚ್ಚು ಹೊಳೆಯುವ, ಎಲ್ಲಕ್ಕಿಂತ ದೊಡ್ಡ ಅಂಕಿಯ ಒಂದನ್ನು ಆರಿಸಿಕೊಟ್ಟೆ.

"ಸಾವಕಾರ್ರ, ಹೊಳಪಿಗೆ ನಟ್ ಬಿಗಿ ಆಗಂಗಿಲ್ರಿ," ಅಂದರು. "ನಮ್ಮ ಕೆಲಸದ ಅಳತಿ ಇದರ ನಡುವ ಬೀಳಬೇಕು. ತುದಿಗೆ ಒಯ್ದ್ರ ಯಾವ ಪಾನಾನೂ ಸುಳ್ಳ ಹೇಳ್ತೈತಿ."

ತಂದ ಮೇಲೆ ಅದರ ಮಡಿ ಶುರುವಾಯಿತು. ನಟ್ ಬಿಚ್ಚಲು ಅದನ್ನು ಬಳಸಬಾರದು, ನೆಲಕ್ಕೆ ಬೀಳಿಸಬಾರದು, ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಒಯ್ದು ಪರೀಕ್ಷೆ ಮಾಡಿಸಬೇಕು. ನನ್ನ ಸಕ್ಕರೆ ಕಾಯಿಲೆಯನ್ನು ನಾನೂ ಅಷ್ಟು ನಿಯಮದಿಂದ ಪರೀಕ್ಷೆ ಮಾಡಿಸಿಲ್ಲ. ಕೆಲಸ ಮುಗಿದ ಕೂಡಲೇ ಹಿಡಿಕೆ ತಿರುವಿ ಕೆಳಗಿನ ಗೆರೆಗೆ ಇಳಿಸುತ್ತಿದ್ದರು. ಒಳಗೆ ಸ್ಪ್ರಿಂಗ್ ಇದೆ, ದುಡಿದ ಮೇಲೆ ಅದಕ್ಕೂ ಬಿಡುವು ಬೇಕು ಎನ್ನುವುದು ಅವರ ವಾದ. ಬಿಡುವೇ ಇಲ್ಲದೆ ದುಡಿಯುವ ಮನುಷ್ಯನ ಬಾಯಲ್ಲಿ ಈ ಮಾತು ಕೇಳಿ ನಾನು ನಗುತ್ತಿದ್ದೆ.

ಒಂದು ವರ್ಷ ದಸರೆಯ ಖಂಡೆಪೂಜೆಗೆ ಗ್ಯಾರೇಜಿನ ಸಾಮಾನುಗಳನ್ನೆಲ್ಲ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಬನ್ನಿ ಕೊಡಲು ಮಿಸ್ತ್ರಿ ಸೂಡಿಗೆ ಮಗಳ ಮನೆಗೆ ಹೋದರು. ಸಂಜೆ ದೀಪ ಹಚ್ಚಲೆಂದು ಕೀಲಿ ನನಗೆ ಕೊಟ್ಟಿದ್ದರು. ಹೋಗಿ ನೋಡಿದರೆ ಪಾನಾ ದೇವರ ಮುಂದೆಯೂ ಕೆಳಗಿನ ಗೆರೆಯಲ್ಲೇ ಇದೆ. ನನಗೆ ಸರಿಬರಲಿಲ್ಲ. ನನ್ನ ಅಂಗಡಿಯಲ್ಲಿ ತಕ್ಕಡಿಗೆ ಪೂಜೆ ಮಾಡುವಾಗ ಬರಿದಾದ ತಟ್ಟೆ ಇಡುವುದಿಲ್ಲ, ಕಾಳು ತುಂಬಿ ಇಡುತ್ತೇವೆ. ವರ್ಷಕ್ಕೊಮ್ಮೆಯಾದರೂ ಪಾಪ ಈ ಪಾನಾ ತುಂಬಿರಲಿ ಎಂದು, ಹಿಡಿಕೆಯನ್ನು ಬಲವಂತದಿಂದ ತಿರುವಿ ಮೇಲಿನ ತುದಿಗೆ ಏರಿಸಿ, ಕೈಮುಗಿದು ಬಂದೆ. ನನ್ನ ಭಕ್ತಿಗೆ ನಾನೇ ಮೆಚ್ಚಿದೆ.

ಸೂಡಿಯಲ್ಲಿ ಮಗಳಿಗೆ ಜ್ವರ ಬಂದು ಮಿಸ್ತ್ರಿ ಹದಿನೈದು ದಿನ ಅಲ್ಲೇ ಉಳಿದರು. ಬರುವ ಸುದ್ದಿ ತಿಳಿದಾಗ ನನಗೆ ಅವರ ಮುಖ ನೆನಪಾಯಿತು. ಓಡಿಹೋಗಿ ಪಾನಾವನ್ನು ಮೊದಲಿನ ಹಾಗೆ ಕೆಳಗಿನ ಗೆರೆಗೆ ಇಳಿಸಿ, ಇದ್ದಲ್ಲೇ ಇಟ್ಟೆ. ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಪುರ್ತಗೇರಿಯ ಒಂದು ಜೀಪಿಗೆ. ಗ್ಯಾರೇಜಿನಿಂದ ಹೋದ ನಾಲ್ಕೇ ದಿನಕ್ಕೆ ಅದರ ಗಾಲಿ ಅಲ್ಲಾಡತೊಡಗಿತು. ಮಿಸ್ತ್ರಿ ಪಾನಾ ಹಿಡಿದು ಹುಬ್ಬಳ್ಳಿಯ ಬಸ್ಸು ಹತ್ತಿದರು. ಸ್ಪ್ರಿಂಗ್ ಸೋತಿದೆ, ಅಳತೆ ಮುಟ್ಟುವ ಮೊದಲೇ 'ಟಕ್' ಎನ್ನುತ್ತಿದೆ ಎಂದು ಅಲ್ಲಿಯವರು ಹೇಳಿದರು. ಅದನ್ನು ಸರಿಮಾಡಿಸಿಕೊಂಡು ಬಂದವರು ಗ್ಯಾರೇಜಿಗೆ ಬೀಗ ಹಾಕಿ, ಸೂಡಿಯಿಂದ ಬಂದ ಮೇಲೆ ತಮ್ಮ ಕೈಯಿಂದ ಹೋದ ಗಾಡಿಗಳನ್ನೆಲ್ಲ ಹುಡುಕಲು ಹೊರಟರು. ಬೈಕಿನ ಹಿಂದೆ ಡಬ್ಬಿ ಹಿಡಿದು ಕೂತವನು ನಾನು. ಗೆಳೆಯ ಎಂದರೆ ಹೀಗಿರಬೇಕು ನೋಡಿ.

ಹನ್ನೊಂದು ಗಾಡಿ. ಪ್ರತಿ ಮನೆಯ ಮುಂದೆ ನಟ್ ಬಿಗಿ ಮಾಡಿ, ತಪ್ಪು ತನ್ನದು, ಪಾನಾ ಸಡಿಲು ಮಾಡುವುದನ್ನು ತಾನೇ ಮರೆತಿರಬೇಕು ಎಂದು ಕೈಮುಗಿದರು. ನಾನು ಪ್ರತಿ ಸಲ ಚಪ್ಪಲಿ ನೋಡಿಕೊಳ್ಳುತ್ತಿದ್ದೆ. ಕೊನೆಯದು ಮೆಣಸಗಿಯ ಹನಮಂತಗೌಡರ ಕಾರು. ಹೋದರೆ ಕಾರಿಲ್ಲ. ಗೌಡರು ಬಾಣಂತಿ ಮಗಳನ್ನೂ ಕೂಸನ್ನೂ ಕರೆತರಲು ನರಗುಂದದ ದವಾಖಾನಿಗೆ ಹೋಗಿದ್ದರು, ಫೋನು ಎತ್ತುತ್ತಿರಲಿಲ್ಲ. ನರಗುಂದದ ದಾರಿಯುದ್ದಕ್ಕೂ ಮಿಸ್ತ್ರಿ ಎದುರು ಬರುವ ಪ್ರತಿ ಕಾರನ್ನೂ ದಿಟ್ಟಿಸುತ್ತಿದ್ದರು. ನಾನು ರಸ್ತೆಬದಿಯ ತಗ್ಗುಗಳನ್ನೆಲ್ಲ ಇಣುಕುತ್ತಿದ್ದೆ.

ಕಾರು ದವಾಖಾನಿಯ ಮುಂದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೂಸಿಗೆ ಹಾಸಿಗೆ ಹಾಸುತ್ತಿದ್ದರು. ಮುಂದಿನ ಎಡಗಾಲಿಯ ಎರಡು ನಟ್ಟು ಮಿಸ್ತ್ರಿಯ ಬೆರಳಿಗೇ ತಿರುಗಿದವು.

ಮರಳುವ ದಾರಿಯಲ್ಲಿ ಬೈಕು ನಿಲ್ಲಿಸಲು ಹೇಳಿ, ನಡೆದುದನ್ನೆಲ್ಲ ಒದರಿಬಿಟ್ಟೆ. ಬೈದರೆ ಹಗುರಾಗುತ್ತಿದ್ದೆ. ಅವರು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಪಾನಾ ಕೆಳಗಿನ ಗೆರೆಯಲ್ಲಿದೆಯೇ ಎಂದು ನೋಡಿದರು.

"ನೀವು ಮ್ಯಾಲ ಏರಿಸಿದ್ದು ತಪ್ಪಲ್ರಿ ಸಾವಕಾರ್ರ. ಗೊತ್ತಿರಲಿಲ್ಲ ನಿಮಗ," ಅಂದರು. "ಹೊಳ್ಳಿ ಇಳಿಸಿಟ್ರಿ ನೋಡ್ರಿ, ಅದು ತಪ್ಪು. ಹಂಗ ಬಿಟ್ಟಿದ್ರ ನನ್ನ ಕಣ್ಣಿಗೆ ಬೀಳತಿತ್ತು."

ಅದರ ಮೇಲೆ ಆ ವಿಷಯವನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ. ನಾನು ಎತ್ತುವ ಪ್ರಶ್ನೆಯೇ ಇಲ್ಲ, ಮರ್ಯಾದಸ್ಥ ವ್ಯಾಪಾರಿ. ಹನ್ನೊಂದು ಮನೆಗಳಲ್ಲಿ ಅದು ಶೇಖಪ್ಪ ಮಿಸ್ತ್ರಿಯ ತಪ್ಪಾಗಿಯೇ ಉಳಿಯಿತು.

ಹೋದ ಬೇಸಿಗೆಯಲ್ಲಿ ಮಿಸ್ತ್ರಿ ತೀರಿಕೊಂಡರು. ಅವರ ದಿವಸದ ಕಾರ್ಯದ ದಿನ ಪೆಂಡಾಲಿನಲ್ಲಿ ಕೂತಿದ್ದಾಗ ಹನಮಂತಗೌಡರು, ಇಡೀ ಆಯುಷ್ಯದಲ್ಲಿ ಒಂದೇ ಸಲ ತಪ್ಪಿದ ಮನುಷ್ಯ, ಅದನ್ನೂ ತಾನೇ ಹುಡುಕಿಕೊಂಡು ಬಂದು ಹೇಳಿದ ಎಂದು ಕೊಂಡಾಡಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಆ ತಪ್ಪು ಅವರದಲ್ಲ, ಪಾನಾ ತಿರುವಿದವನೂ ನಾನು, ಮುಚ್ಚಿಟ್ಟವನೂ ನಾನು ಎಂದು ಎಲ್ಲರ ಮುಂದೆ ಹೇಳಿದೆ.

ಗೌಡರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಸತ್ತವರ ತಪ್ಪನ್ನ ತನ್ನ ಮೈಮ್ಯಾಲ ಹಾಕ್ಕೊಳ್ಳೋ ಗೆಳ್ಯಾ ಯಾರಿಗೆ ಸಿಗತಾನ್ರಿ? ಮಿಸ್ತ್ರಿ ಪುಣ್ಯಾ ಮಾಡಿದ್ರು."

ಖರೇ ಹೇಳುತ್ತಿದ್ದೇನೆ ಎಂದು ಮತ್ತೊಮ್ಮೆ ಹೇಳಿದೆ. ಹೆಂಗಸರು ಕಣ್ಣೊರೆಸಿಕೊಂಡರು. ಊಟಕ್ಕೆ ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂಡಿಸಿ, ಗೌಡರು ತಾವೇ ನಿಂತು ಎರಡು ಹೋಳಿಗೆ ಬಡಿಸಿದರು.