ಮಲ್ಪೆಯ ಕಡಲಲ್ಲಿ ಅವ್ವನ ಲಿಂಗ

ಪೀಣ್ಯದ ನಮ್ಮ ಬೋರ್‌ವೆಲ್ ನೀರಿನ ಮೇಲೆ ಸದಾ ಎಣ್ಣೆಯ ಪೊರೆ ತೇಲುತ್ತಿತ್ತು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರಬೇಕು, ಜಗಳವಾಡದೆ ಒಂದು ಕೊಡವೂ ದಕ್ಕದು. ಆ ಜಗಳ ನನ್ನ ಪಾಲಿನದು. ನನ್ನ ಸಿಟ್ಟು ಇಡೀ ಬೀದಿಗೆ ಗೊತ್ತಿತ್ತು. ಹಾಗೆ ತಂದ ನೀರಿನಲ್ಲಿ ಅರ್ಧ ಲೋಟ ತೆಗೆದಿಟ್ಟುಕೊಂಡು ಅವ್ವ ದಿನಾ ಬೆಳಿಗ್ಗೆ ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮಾಡುತ್ತಿದ್ದಳು. ಪೂಜೆಯಾಗುವ ತನಕ ಅವಳ ಬಾಯಿಗೆ ಹನಿ ನೀರೂ ಹೋಗುತ್ತಿರಲಿಲ್ಲ. ಗದಗಿನ ಕಡೆಯಿಂದ ಬರುವಾಗ ಅವಳು ತಂದಿದ್ದ ಆಸ್ತಿಯೆಂದರೆ ಅದೊಂದೇ.

ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ನಾನು ಕೆಲಸ ಮಾಡುವ ಫ್ಯಾಕ್ಟರಿಗೆ ರಜೆ ಬಂತು. ಕರಾವಳಿ ನೋಡೋಣವೆಂದು ಒಂದು ಮ್ಯಾಟಡೋರ್ ಗೊತ್ತುಮಾಡಿಕೊಂಡು ಹೊರಟೆವು: ಅವ್ವ, ಹೆಂಡತಿ, ಐದು ವರ್ಷದ ಮಗಳು, ನಾನು. ಘಟ್ಟ ಇಳಿಯುತ್ತಿದ್ದಂತೆ ಎಲ್ಲರೂ ಕಿಟಕಿಗೆ ಮುಖ ಒತ್ತಿದೆವು. ಬಸ್ ಸ್ಟ್ಯಾಂಡಿನ ಗೋಡೆಗೂ ಪಾಚಿ, ಟೆಲಿಫೋನ್ ಕಂಬಕ್ಕೂ ಬಳ್ಳಿ. ಮನೆಮನೆಯ ಸೂರಿನಿಂದ ನೀರು ಧೋ ಎಂದು ಸುರಿಯುತ್ತಿದೆ, ಯಾರೊಬ್ಬರೂ ಅದರ ಕೆಳಗೆ ಒಂದು ಬಿಂದಿಗೆ ಇಟ್ಟಿಲ್ಲ!

"ಇಷ್ಟು ನೀರು ಹಾಳ ಮಾಡಾಕತ್ತಾರಲ್ಲೋ ತಮ್ಮಾ," ಎಂದು ಅವ್ವ ಗೋಳಾಡಿದಳು. ಉಡುಪಿಯ ಲಾಡ್ಜಿನಲ್ಲಿ ಬಚ್ಚಲಿನ ಬಕೆಟ್ಟು ತಂದು ಸೂರಿನ ಕೆಳಗಿಟ್ಟಳು.

ಅಷ್ಟು ನೀರು ಕಂಡು ಅವಳಿಗೆ ಆಸೆ ಹುಟ್ಟಿತು. ಮರುದಿನದ ಪೂಜೆ ಮಲ್ಪೆಯ ಕಡಲ ದಂಡೆಯಲ್ಲೇ ಎಂದಳು. ನಮ್ಮೂರ ಕೆರೆಯ ಮೆಟ್ಟಿಲ ಮೇಲೆ ಕೂರುವ ಹಾಗೆ, ನೀರಿಗೆ ತೀರ ಹತ್ತಿರದ ಬಂಡೆ ನೋಡಿ ಕೂತಳು. ಕೆರೆಯ ನೀರು ಇದ್ದಲ್ಲಿ ಇರುತ್ತದೆ. ಕಡಲು ಏರಿ ಬರುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? "ನೀರು ಮುಟ್ಟಿದ್ರ ಬೆನ್ನ ಮುರೀತೀನಿ," ಎಂದು ಮಗಳಿಗೆ ಹೇಳಿ, ಅಜ್ಜಿಯ ಪಕ್ಕ ಕೂರಿಸಿ, ನಾನೂ ಹೆಂಡತಿಯೂ ಚಹಾದಂಗಡಿಗೆ ಹೋದೆವು.

ಅಂಗಡಿಯವನು ಕಿರುಚಿದ. ತಿರುಗಿ ನೋಡಿದರೆ ಬಂಡೆಯೇ ಇಲ್ಲ, ಬರೀ ನೊರೆ. ಓಡಿದೆವು. ಅಷ್ಟರಲ್ಲಿ ತೆರೆ ಇಳಿದಿತ್ತು. ಅವ್ವ ಬಂಡೆಗೆ ಅಂಟಿಕೊಂಡು ಕೂತಿದ್ದಳು, ಮಗಳು ಅವಳ ಮಡಿಲಲ್ಲಿ. ಇಬ್ಬರೂ ಒದ್ದೆಮುದ್ದೆ, ಆದರೆ ಆ ಮಳೆಯಲ್ಲಿ ತೊಯ್ಯದವರು ಯಾರಿದ್ದರು?

"ಲಿಂಗ ಹೋತು," ಎಂದಳು ಅವ್ವ.

ಲಿಂಗ ಕಳೆದರೆ ಗುರುವಿನ ಕೈಯಿಂದ ಇನ್ನೊಂದನ್ನು ಪಡೆಯುವ ತನಕ ಅವಳು ನೀರು ಮುಟ್ಟುವವಳಲ್ಲ. ವಯಸ್ಸು ಎಪ್ಪತ್ತರ ಹತ್ತಿರ, ಮೇಲೆ ಸಕ್ಕರೆ ಕಾಯಿಲೆ. ಹೆದರಿಕೆಯೆಲ್ಲ ನನಗೆ ಸಿಟ್ಟಾಗಿಯೇ ಬಂತು. "ಆ ಹುಚ್ಚು ನೀರಿನ ಮುಂದ ಅದನ್ನ ಯಾಕ ತಗದಿ? ಬುದ್ಧಿ ಎಲ್ಲಿಟ್ಟಿದ್ದಿ?" ಎಂದು ದಂಡೆಯ ಜನವೆಲ್ಲ ಕೇಳುವಂತೆ ಕೂಗಾಡಿದೆ. ಅವ್ವ ಒದ್ದೆ ಸೆರಗಿನಿಂದಲೇ ಮಗಳ ತಲೆ ಒರೆಸಿದಳು. ಮಗಳು ಅವಳ ಸೆರಗು ಬಿಡಲಿಲ್ಲ.

ಕರಾವಳಿಯ ಊರುಗಳನ್ನು ನಾನು ನೋಡಿದ್ದು ಹೀಗೆ, ಲಿಂಗ ಕೊಡುವ ಮಠ ಹುಡುಕಿಕೊಂಡು. ಉಡುಪಿ, ಕಾಪು, ಕಾರ್ಕಳ. ತಿರುವಿಗೊಂದು ದೇವಸ್ಥಾನ, ಭೂತದ ಗುಡಿ, ಇಗರ್ಜಿ, ಬಸದಿ, ಮಸೀದಿ. ನಮ್ಮ ಸ್ವಾಮಿಗಳು ಮಾತ್ರ ಎಲ್ಲೂ ಇಲ್ಲ. ಒಂದು ಕಡೆ ಮಠವೇನೋ ಸಿಕ್ಕಿತು, ಬಾಗಿಲಿಗೆ ಬೀಗ. ಹೊರಗೆ ಮಳೆಗೆ ಓಲೆಯ ಗೊರಬೆ ಹೊದ್ದ ಹೆಂಗಸರು ಗದ್ದೆಯಲ್ಲಿ ಬಾಗಿ ಭತ್ತದ ನೇಜಿ ನೆಡುತ್ತಿದ್ದರು, ಕೆಂಪು ಹೊಳೆಗಳು ಸೇತುವೆ ಮುಟ್ಟುವಂತೆ ಹರಿಯುತ್ತಿದ್ದವು. ಆ ಹಸಿರೆಲ್ಲ ನನ್ನ ಕಣ್ಣಿಗೆ ವಿಷದಂತೆ ಕಾಣುತ್ತಿತ್ತು. ಸುತ್ತಲೂ ನೀರು, ನಡುವೆ ಅವ್ವನ ಒಣಗಿದ ತುಟಿ.

"ಅಂಗಡೀಲೇ ಒಂದ್ ಲಿಂಗ ತಗೊಂಬಿಡಿ ಸಾರ್, ಅಜ್ಜಿ ಸುಸ್ತಾಗ್ಬಿಟ್ಟವ್ರೆ," ಎಂದ ಡ್ರೈವರ್.

"ಅಂಗಡ್ಯಾಗ ಸಿಗೂದು ಬರೇ ಕಲ್ಲು, ಯಪ್ಪಾ," ಎಂದಳು ಅವ್ವ.

ಹೆಬ್ರಿಯಲ್ಲಿ ಯಾರೋ ಘಟ್ಟದ ಮೇಲಿನ ಮಠವೊಂದರ ದಾರಿ ಹೇಳಿದರು. ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವನನ್ನು ನಾನು ಎತ್ತಿಕೊಂಡೇ ಒಳಗೆ ಹೋದೆ. ಲಿಂಗ ಹೇಗೆ ಹೋಯಿತೆಂದು ವಯಸ್ಸಾದ ಸ್ವಾಮಿಗಳು ಕೇಳಿದರು. "ತೆರೆ ಎಳ್ಕೊಂಡು ಹೋತು ಬುದ್ಧಿ," ಎಂದೆ.

"ಸುಳ್ಳರೀ ಅಜ್ಜಾರ," ಎಂದಳು ಅವ್ವ. "ನಾನ ಬಿಟ್ಟೆ. ಬಲಗೈಲೆ ಬಂಡೆಗಲ್ಲು ಹಿಡದಿದ್ದೆ, ಎಡಗೈಯಾಗ ಲಿಂಗ ಇತ್ತು. ಕೂಸು ನೀರಾಗ ಆಡಾಕ ಇಳದು ತೆರಿ ಕೂಡ ಹೊಂಟಿತ್ತು. ಲಿಂಗ ಬಿಟ್ಟು ಅದರ ರಟ್ಟಿ ಹಿಡದೆ."

ಮಗಳು ಹೋಗಿಯೇ ಬಿಟ್ಟಿದ್ದಳು. ಅದು ತಿಳಿಯದೆ, ದಿನವಿಡೀ ವ್ಯಾನಿನಲ್ಲಿ ಅವ್ವನನ್ನು ಬೈಯುತ್ತ ಕೂತಿದ್ದೆ.

"ನನಗ್ಯಾಕ ಹೇಳಲಿಲ್ಲ ಯವ್ವಾ?"

ಸ್ವಾಮಿಗಳು ಹೊಸ ಲಿಂಗವನ್ನು ಅವಳ ಅಂಗೈಗಿಟ್ಟರು. ಅದನ್ನು ಕಣ್ಣಿಗೊತ್ತಿಕೊಂಡು, ಪೂಜೆ ಮುಗಿಸಿ, ತೀರ್ಥ ಕುಡಿದ ಮೇಲೆಯೇ ಅವಳು ನನ್ನ ಕಡೆ ತಿರುಗಿದ್ದು.

"ಹೇಳಿದ್ರ ಕೂಸಿಗೆ ಹೊಡೀತಿದ್ದಿ," ಎಂದಳು.

ಮಗಳು ಅವಳ ಸೆರಗಿನ ಹಿಂದೆ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದಳು.