ಗಣಿತದ ಪುಸ್ತಕಕ್ಕೊಂದು ಎಲೆ

ತಾವರಗೇರಾದ ಪರೀಕ್ಷಾ ಕೇಂದ್ರದ ಎದುರು ಮಾಬುಬಿಯವರ ಚಹಾದಂಗಡಿ. ಪಕ್ಕದಲ್ಲಿ ಅವರೇ ನೆಟ್ಟ ಗಿಡ. ಮೇಲೆ ದಟ್ಟ ಹಸಿರು, ಕೆಳಗಿನ ಅರ್ಧ ಪೂರ್ತಿ ಬೋಳು. ಅಂಗಿ ತೊಟ್ಟು ಪಂಚೆ ಮರೆತವರಂತೆ ನಿಂತಿತ್ತು. ಏನು ರೋಗವೋ, ಅಂಟೀತೇ ಎಂದು, ಕುಷ್ಟಗಿಯ ಬಸ್ಸಿಗೆ ಕಾಯುತ್ತಿದ್ದ ನಾನು ಸ್ವಲ್ಪ ದೂರ ಸರಿದು ಕೂತೆ.

“ರೋಗ ಅಲ್ರಿ, ಪರೀಕ್ಷಾ,” ಎಂದರು ಮಾಬುಬಿ. “ವಿದ್ಯಾ ಗಿಡ ಅದು. ವಿದ್ಯಾ ಹತ್ತತೈತಂತ ಪುಸ್ತಕದಾಗ ಇಟ್ಕೊಳ್ಳಾಕ ಕೈಗೆ ಸಿಕ್ಕಷ್ಟು ಎಲಿ ಹರ್ಕೊಂಡು ಹೋಗ್ಯಾರ. ಬೋಳಾದ ಟೊಂಗಿ ಮತ್ತ ಚಿಗರಂಗಿಲ್ಲ.”

ಅಷ್ಟರಲ್ಲಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಹಾಲ್ ಟಿಕೆಟ್ ಹಿಡಿದು ಬಂದಳು. “ಅಕ್ಕಾ, ಒಂದು ಎಲಿ ಬೇಕಿತ್ತು. ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ್ರ ಅಂಗನವಾಡಿ ಕೆಲಸಕ್ಕ ಅರ್ಜಿ ಹಾಕ್ಬೋದು.”

“ಹೋದ ಸಲಾನೂ ಒಯ್ದಿದ್ದಿಯಲ್ಲ ಶಾಂತವ್ವ, ಏನಾತು?”

“ಗಣಿತ ಹೋತು. ಎಲಿ ಕನ್ನಡ ಪುಸ್ತಕದಾಗ ಇಟ್ಟಿದ್ದೆ.”

ಮಾಬುಬಿ ನಗಲಿಲ್ಲ. ನನ್ನ ಎತ್ತರ ನೋಡಿ, “ಒಂದ ಹರೀರಿ ಸರ್,” ಎಂದರು.

ಬೆಂಚು ಹತ್ತಿ ಕಿತ್ತೆ. ಹಿಮಾಲಯದ ದೇವದಾರುವಿನ ದೂರದ ನೆಂಟ ಇದು. ಇಸ್ತ್ರಿ ಮಾಡಿದಷ್ಟು ಚಪ್ಪಟೆ, ಎರಡೂ ಬದಿ ಒಂದೇ ಹಸಿರು, ಬೆರಳಿಗೆಲ್ಲ ರಾಳದ ವಾಸನೆ. ಪುಸ್ತಕದೊಳಗಿಡಲೆಂದೇ ಬೆಳೆದಂತಿತ್ತು.

ಶಾಂತವ್ವ ಅದನ್ನು ಗಣಿತದ ಪುಸ್ತಕದಲ್ಲಿಟ್ಟಳು. ಪುಸ್ತಕ ಒಳಗೆ ಬಿಡುವುದಿಲ್ಲವೆಂದು ನನ್ನ ಕೈಗೇ ಕೊಟ್ಟಳು. “ಎಲಿ ಬೀಳದಂಗ ನೋಡ್ಕೊಳ್ರಿ,” ಎಂದು ಓಡಿದಳು.

ಕುಷ್ಟಗಿಯ ಬಸ್ಸು ಬಂತು. “ನನಗ ಕೊಟ್ಟು ಹೋಗ್ರಿ,” ಎಂದರು ಮಾಬುಬಿ. ಉರಿಯುವ ಒಲೆಯ ಪಕ್ಕ ಪುಸ್ತಕವೇ? ಬೇಡವೆಂದೆ.

ಬಸ್ಸು ಹೋಯಿತು. ಗಾಳಿ ಎದ್ದಿತ್ತು. ಮಾಬುಬಿ ತಂದಿಟ್ಟ ಚಹಾ ಆರುತ್ತಿತ್ತು. ನನ್ನ ಎರಡೂ ಕೈ ಪುಸ್ತಕದ ಮೇಲಿದ್ದವು.